ಗೊತ್ತಿದ್ದವರ ಸಾಲ

ಹೋದ ಮಳೆಗಾಲದಲ್ಲಿ ಪೋತ್ನಾಳದ ಒಂದು ಚಹಾದ ಅಂಗಡಿಯಲ್ಲಿ ನಡೆದ ಸಣ್ಣ ಸಂಗತಿಯೊಂದನ್ನು ಮೊದಲು ಹೇಳಿಬಿಡುತ್ತೇನೆ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಹಿಡಿದು ಕೂತಿದ್ದ. ಎದುರಿಗೆ ಬೀಡಿ ಸೇದುತ್ತಿದ್ದ ಒಬ್ಬ ವಯಸ್ಸಾದ ರೈತ. ಹುಡುಗನಿಗೆ ಏನನ್ನಿಸಿತೋ, “ಯಜಮಾನ್ರೇ, ನಮ್ಮ ದೇಶದ ಮೊದಲನೇ ರಾಷ್ಟ್ರಪತಿ ಯಾರು ಹೇಳ್ರಿ ನೋಡೋಣ” ಎಂದ. ಮುದುಕ ಸ್ವಲ್ಪ ಯೋಚಿಸಿ, “ಇಂದಿರಾಗಾಂಧಿ ಅಲ್ಲೇನು?” ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮುದುಕ ಬೇಸರ ಮಾಡಿಕೊಳ್ಳಲಿಲ್ಲ. ಬೀಡಿ ಆರಿಸಿ, “ಆತು, ನಾನೊಂದು ಕೇಳ್ತೀನಿ. ಇವತ್ತು ಅರವತ್ತೊಂಬತ್ತನೇ ಮೈಲಿನಾಗ ಗೇಜ್ ಎಷ್ಟ ಅದ?” ಎಂದು ಕೇಳಿದ. ಹುಡುಗ ಸುಮ್ಮನಾದ. ಅವನ ಮನೆಯ ಗದ್ದೆಗೂ ಅದೇ ಕಾಲುವೆಯ ನೀರು ಹೋಗುತ್ತದೆ. ಅವನ ಓದಿಗೆ ಹಣ ಬಂದದ್ದೂ ಆ ಗದ್ದೆಯ ಭತ್ತದಿಂದಲೇ. ಜನ ಮತ್ತೊಮ್ಮೆ ನಕ್ಕರು, ಈ ಸಲ ಬೇರೆ ಕಡೆ ತಿರುಗಿ. ಎರಡೂ ಸಲ ನಕ್ಕವರಲ್ಲಿ ನಾನೂ ಒಬ್ಬ.

ಮನೆಗೆ ಬಂದ ಮೇಲೆ ಆ ಎರಡು ನಗೆಗಳೂ ನನ್ನನ್ನು ಬಿಡಲಿಲ್ಲ. ನಮ್ಮ ಜನರಿಗೆ ಸರ್ಕಾರವೆಂದರೇನು, ಕಾನೂನು ಯಾರು ಮಾಡುತ್ತಾರೆ, ಈ ವ್ಯವಸ್ಥೆ ಎಲ್ಲಿಂದ ಬಂತು ಎಂಬುದು ಗೊತ್ತಿಲ್ಲ, ದೇಶ ಹೀಗಿರುವುದಕ್ಕೆ ಅದೇ ಕಾರಣ ಎಂಬ ಮಾತನ್ನು ಓದಿದವರಾದ ನಾವು ಆಗಾಗ ಆಡುತ್ತೇವೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಆಡುವಾಗ ನಮ್ಮ ದನಿಯಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿರುತ್ತದೆಯಲ್ಲ, ಅದೇಕೆ?

ಮುದುಕನ ಪ್ರಶ್ನೆ ಅರ್ಥವಾಗಬೇಕಾದರೆ ನಮ್ಮ ಕಾಲುವೆಯ ಕತೆ ಗೊತ್ತಿರಬೇಕು. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಇಟ್ಟವರು ಒಂದು ದಡದಲ್ಲಿ ಹೈದರಾಬಾದ್ ನಿಜಾಮರ ಸರ್ಕಾರದವರು, ಇನ್ನೊಂದು ದಡದಲ್ಲಿ ಬ್ರಿಟಿಷರ ಮದ್ರಾಸ್ ಸರ್ಕಾರದವರು. 1953ರಲ್ಲಿ ನೀರು ಬಿಡುವ ಹೊತ್ತಿಗೆ ನಿಜಾಮರ ಆಳ್ವಿಕೆಯೂ ಇರಲಿಲ್ಲ, ಬ್ರಿಟಿಷರ ಆಳ್ವಿಕೆಯೂ ಇರಲಿಲ್ಲ. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯ ಲೆಕ್ಕ ಮಾತ್ರ ಇಂದಿಗೂ ಮೈಲಿಯಲ್ಲೇ ಇದೆ. 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ರೈತರ ನಿದ್ದೆ ನಿಂತಿದೆ. ಗೇಜ್ ಇಳಿದರೆ ಕೊನೆಭಾಗಕ್ಕೆ ನೀರು ಬರುವುದಿಲ್ಲ. ಬರದಿದ್ದಾಗ ರೈತರು ರಸ್ತೆಗೆ ಬಂದು ಕೂರುತ್ತಾರೆ. ಅಡಿ, ಇಂಚುಗಳ ಈ ಅಂಕಿ ಅವರಿಗೆ ಬಾಯಿಪಾಠ. ಸರ್ಕಾರದ ವಿಷಯದಲ್ಲಿ ಅವರಿಗೆ ಏನೂ ಗೊತ್ತಿಲ್ಲ ಎಂದು ಯಾರು ಹೇಳಬಲ್ಲರು?

ಆದರೆ ಇಲ್ಲಿಗೇ ನಿಲ್ಲಿಸಿ, “ಅನುಭವದ ಜ್ಞಾನವೇ ದೊಡ್ಡದು, ಪುಸ್ತಕದ್ದೆಲ್ಲ ಸುಳ್ಳು” ಎಂದು ಹೊಗಳಿಬಿಟ್ಟರೆ ಅದೂ ಒಂದು ಮೋಸ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಹರಿದು ಗೇಟು ಕೊಚ್ಚಿಹೋದಾಗ ಬೆಳಗಾಗುವುದರೊಳಗೆ ನಮ್ಮ ಕಡೆಯ ಮನೆಮನೆಗೂ ಸುದ್ದಿ ಮುಟ್ಟಿತ್ತು. ಎಷ್ಟು ನೀರು ಹೋಯಿತು, ಬೆಳೆಗೆ ಉಳಿಯುತ್ತದೋ ಇಲ್ಲವೋ ಎಂಬ ಮಾತು ಎಲ್ಲೆಡೆ. ಆದರೆ ಆ ಗೇಟನ್ನು ನೋಡಿಕೊಳ್ಳಬೇಕಾದವರು ಯಾರು ಎಂದು ಕೇಳಿದವರು ನಮ್ಮಲ್ಲಿ ಕಡಿಮೆ. ಅಣೆಕಟ್ಟು ಇರುವುದು 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ರಚನೆಯಾದ ತುಂಗಭದ್ರಾ ಮಂಡಳಿಯ ಕೈಯಲ್ಲಿ. ಯಾವ ಬೆಳೆಗೆ, ಯಾವ ತಾರೀಖಿನವರೆಗೆ ಕಾಲುವೆಗೆ ನೀರು ಎಂದು ತೀರ್ಮಾನಿಸುವುದು ಮಂತ್ರಿಯೊಬ್ಬರ ಅಧ್ಯಕ್ಷತೆಯ ನೀರಾವರಿ ಸಲಹಾ ಸಮಿತಿ. ನಮ್ಮ ಮುದುಕನಿಗೆ ಗೇಜ್ ಗೊತ್ತು. ಗೇಜ್ ಹಾಗಿರಲಿ ಎಂದು ಯಾರು, ಎಲ್ಲಿ ಕೂತು ನಿಶ್ಚಯಿಸುತ್ತಾರೆ ಎಂಬುದು ಗೊತ್ತಿಲ್ಲ. ಹಾಗಾಗಿ ಅವನ ಸಿಟ್ಟೆಲ್ಲ ಕಾಲುವೆಯ ಮೇಲೆ ಸೈಕಲ್ಲಿನಲ್ಲಿ ಓಡಾಡುವ ಬಡ ಗ್ಯಾಂಗ್‌ಮನ್ನಿನ ಮೇಲೆ ಹೋಗುತ್ತದೆ. ಹುಡುಗನ ಪುಸ್ತಕದಲ್ಲಿ ರಾಷ್ಟ್ರಪತಿಗಳ ಪಟ್ಟಿ ಇದೆ, ಈ ಸಮಿತಿಯ ಹೆಸರಿಲ್ಲ. ಇಬ್ಬರ ಬಳಿಯೂ ಅರ್ಧರ್ಧ ಜ್ಞಾನ. ನಡುವಿನ ಭಾಗ ಯಾರ ಬಳಿ ಇದೆ?

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ ಓದಿದವನು. ಉರ್ದುವಿನಲ್ಲಿ ಶಹರಿಯತ್ ಎಂದು ಓದಿದ್ದನ್ನು ಕನ್ನಡದಲ್ಲಿ ಪೌರನೀತಿ ಎಂದು ಓದಿದೆ. ಎರಡೂ ಪದಗಳಲ್ಲಿ ಇರುವುದು ಪಟ್ಟಣ. ಶಹರವೆಂದರೂ ಪುರವೆಂದರೂ ಅದೇ. ಹಳ್ಳಿಯವನ ಮಟ್ಟಿಗೆ ಇರುವ ಪದಗಳು ಬೇರೆ. ರೈತ ಎಂಬ ನಮ್ಮ ಪದ ಬಂದದ್ದು ರೈಯತ್ ಎಂಬುದರಿಂದ. ಅದರ ಮೂಲ ಅರಬ್ಬಿಯಲ್ಲಿ ಅದಕ್ಕೆ ಕಾಯಲ್ಪಡುವ ಮಂದೆ ಎಂದೂ, ದೊರೆಯ ಆಳ್ವಿಕೆಗೆ ಒಳಪಟ್ಟವರು ಎಂದೂ ಅರ್ಥ. ಕನ್ನಡದ ಪ್ರಜೆ ಎಂಬ ಪದವೂ ಹಾಗೆಯೇ. ರಾಜನ ಕಾಲದಲ್ಲಿ ಕಂದಾಯ ಕಟ್ಟುತ್ತಿದ್ದವನೂ ಪ್ರಜೆ, ಪ್ರಜಾಪ್ರಭುತ್ವದಲ್ಲಿ ಪ್ರಭು ಎನಿಸಿಕೊಂಡವನೂ ಪ್ರಜೆ. ಸಂವಿಧಾನ ಬಂದಾಗ ನಾವು ಪದ ಬದಲಿಸಲಿಲ್ಲ. ಪದದೊಳಗಿನ ಮನುಷ್ಯನಿಗೆ ಅವನು ಬದಲಾಗಿದ್ದಾನೆಂದು ಯಾರಾದರೂ ಹೇಳಬೇಕಿತ್ತು. ಹೇಳಿದೆವೇ?

ನಮ್ಮ ಸೀಮೆಯಲ್ಲಿ ಸರ್ಕಾರದ ಭಾಷೆಯೇ ಬದಲಾಗುತ್ತ ಬಂದಿದೆ. ನಿಜಾಮರ ದಫ್ತರದಲ್ಲಿ ಮೊದಲು ಪಾರ್ಸಿ ಇತ್ತು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉರ್ದು ಬಂತು, 1956ರ ನಂತರ ಕನ್ನಡ ಬಂತು, ದೊಡ್ಡ ಕೋರ್ಟುಗಳಲ್ಲಿ ಇಂಗ್ಲಿಷ್ ಉಳಿಯಿತು. ತಹಶೀಲು, ಪಹಣಿ, ಜಮಾಬಂದಿ, ಅರ್ಜಿ, ತಕರಾರು, ವಾರಸುದಾರ, ಹಕ್ಕು ಎಂಬ ಪದಗಳು ಹಳೆಯ ದಫ್ತರದಿಂದ ನಡೆದುಬಂದು ಕನ್ನಡದಲ್ಲಿ ಮನೆ ಮಾಡಿಕೊಂಡಿವೆ. ಇವತ್ತಿಗೂ ಹೊಲದ ತಕರಾರು ಬಂದರೆ ಜನ ಟ್ರಂಕಿನ ಅಡಿಯಿಂದ ಹಳೆಯ ಉರ್ದು ಕಾಗದ ತೆಗೆದು, ಓದಬಲ್ಲವರನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಬಳಿಗೂ ಬರುತ್ತಾರೆ. ಹಿಂದೂ ರೈತರು, ಮುಸ್ಲಿಮ್ ರೈತರು, ಎಲ್ಲರೂ. ಅವರ ಅಜ್ಜ ಹೆಬ್ಬೆಟ್ಟು ಒತ್ತಿದ ಕಾಗದ ಅವರ ಅಜ್ಜನಿಗೆ ಓದಲು ಬರುತ್ತಿರಲಿಲ್ಲ, ಮಗನಿಗೆ ಬರಲಿಲ್ಲ, ಮೊಮ್ಮಗನಿಗೂ ಬರುವುದಿಲ್ಲ. ಭಾಷೆ ಬದಲಾದರೂ ಕಾಗದ ಮತ್ತು ಮನುಷ್ಯನ ನಡುವೆ ಓದಬಲ್ಲ ಒಬ್ಬ ನಿಂತಿರುವುದು ಬದಲಾಗಲಿಲ್ಲ. ಅಂದು ಪಟವಾರಿ ಇದ್ದ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಪಹಣಿ ಕಂಪ್ಯೂಟರಿನೊಳಗೆ ಹೋಗಿ ಎರಡು ದಶಕ ದಾಟಿತು. ಆದರೂ ಏಜೆಂಟ್ ಇದ್ದಾನೆ, ಪುಢಾರಿ ಇದ್ದಾನೆ, ನನ್ನಂಥ ಬರೆದುಕೊಡುವವನೂ ಇದ್ದಾನೆ.

ಇತಿಹಾಸದ ವಿಷಯವೂ ಇದಕ್ಕಿಂತ ಬೇರೆಯಲ್ಲ. ರಾಯಚೂರು ಜಿಲ್ಲೆಗೆ ಸ್ವಾತಂತ್ರ್ಯ ಬಂದದ್ದು ಯಾವಾಗ ಎಂದು ನಮ್ಮ ಶಾಲೆಯ ಮಕ್ಕಳನ್ನು ಕೇಳಿ. 1947ರ ಆಗಸ್ಟ್ 15 ಎನ್ನುತ್ತಾರೆ. ಅಂದು ನಮ್ಮ ಊರುಗಳು ಭಾರತದ ಒಕ್ಕೂಟದಲ್ಲಿ ಇರಲಿಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು, 17ಕ್ಕೆ ನಿಜಾಮರು ಶರಣಾದರು. ಆಮೇಲೆ ಮಿಲಿಟರಿ ಗವರ್ನರ್ ಆಳ್ವಿಕೆ. 1950ರಲ್ಲಿ ಸಂವಿಧಾನ ಬಂದಾಗ ಅದೇ ನಿಜಾಮರು ಹೈದರಾಬಾದ್ ರಾಜ್ಯದ ರಾಜಪ್ರಮುಖರು. 1952ರಲ್ಲಿ ಚುನಾಯಿತ ಸರ್ಕಾರ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ, 1973ರಿಂದ ಅದರ ಹೆಸರು ಕರ್ನಾಟಕ. ಹತ್ತು ವರ್ಷಗಳ ಒಳಗೆ, ಊರು ಬಿಟ್ಟು ಎಲ್ಲಿಯೂ ಹೋಗದ ಮನುಷ್ಯನೊಬ್ಬ ನಾಲ್ಕು ಬಗೆಯ ಆಳ್ವಿಕೆಯನ್ನು ಕಂಡ. ಯಾರೂ ಅವನಿಗೆ ಕುಳ್ಳಿರಿಸಿ ಹೇಳಲಿಲ್ಲ. ಅವನು ತಿಳಿದುಕೊಂಡದ್ದು ಕಂದಾಯ ವಸೂಲಿಗೆ ಬಂದವನ ಟೋಪಿ ಬದಲಾದದ್ದರಿಂದ.

ಹೇಳದೆ ಬಿಟ್ಟದ್ದರಲ್ಲಿ ಭಾರವಾದದ್ದೂ ಇದೆ. ಆ ಕಾಲದ ಕತೆ ನಮ್ಮ ಸೀಮೆಯ ಮನೆಗಳಲ್ಲಿ ಅರ್ಧರ್ಧವಾಗಿ ಹಂಚಿಹೋಗಿದೆ. ಒಂದು ಮನೆಯಲ್ಲಿ ರಜಾಕಾರರ ಹಾವಳಿಯ ಕತೆ, ಇನ್ನೊಂದು ಮನೆಯಲ್ಲಿ ಪೊಲೀಸ್ ಆ್ಯಕ್ಷನ್ನಿನ ನಂತರದ ಕೊಲೆ, ಲೂಟಿಗಳ ಕತೆ. ಅದರ ವಿಚಾರಣೆಗೆಂದು 1948ರ ಕೊನೆಯಲ್ಲಿ ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಊರೂರು ತಿರುಗಿ ವರದಿ ಕೊಟ್ಟಿತು. ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಆ ವರದಿಯ ಅಂದಾಜು. ಸರ್ಕಾರ ಅದನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ. ಜನರಿಗೆ ಇತಿಹಾಸ ಗೊತ್ತಿಲ್ಲ ಎನ್ನುವಾಗ, ಗೊತ್ತಾಗಬಾರದೆಂದು ಮುಚ್ಚಿಟ್ಟವರೂ ಇದ್ದರು ಎಂಬುದನ್ನು ಸೇರಿಸಿ ಹೇಳಬೇಕಾಗುತ್ತದೆ. ಆದರೆ ಬೆರಳನ್ನು ದೆಹಲಿಯ ಕಡೆ ಮಾತ್ರ ತೋರಿಸಿದರೆ ನ್ಯಾಯವಾಗದು. ನಮ್ಮ ಮನೆಗಳ ಹಿರಿಯರು ಎರಡನೆಯ ಕತೆಯನ್ನು ತಗ್ಗಿದ ದನಿಯಲ್ಲಿ ಹೇಳಿದರು. ಕಾಸಿಂ ರಜ್ವಿಯ ರಜಾಕಾರರು ನೆರೆಹೊರೆಯವರಿಗೆ ಏನು ಮಾಡಿದರು ಎಂಬ ಮೊದಲನೆಯ ಕತೆಯನ್ನು ಹೇಳಿದ್ದು ಕಡಿಮೆ. ನಾನು ಅದನ್ನು ಕೇಳಿದ್ದು ಕಾಲೇಜಿನಲ್ಲಿ, ಒಬ್ಬ ಹಿಂದೂ ಗೆಳೆಯನ ಅಜ್ಜಿಯ ಬಾಯಿಂದ. ಸರ್ಕಾರ ವರದಿಯನ್ನು ಬೀರುವಿನಲ್ಲಿ ಇಟ್ಟಿತು, ನಾವು ನಮ್ಮ ಪಾಲಿನದನ್ನು ಟ್ರಂಕಿನಲ್ಲಿ ಇಟ್ಟೆವು. ಗೊತ್ತಿದ್ದವನು ಹೇಳದೆ ಇರುವುದು ಎರಡೂ ಕಡೆ ಒಂದೇ ಅಲ್ಲವೇ?

ಇಷ್ಟಕ್ಕೂ ಇದೆಲ್ಲ ಗೊತ್ತಿಲ್ಲದವನಿಗೆ ಮತ ಹಾಕುವ ಹಕ್ಕು ಏಕೆ ಎಂದು ಕೇಳುವವರಿದ್ದಾರೆ. ಒಮ್ಮೆ ನನ್ನ ವಿದ್ಯಾವಂತ ಬಂಧುವೊಬ್ಬರು ಮದುವೆಯ ಊಟದಲ್ಲಿ, “ಒಂದು ಸಣ್ಣ ಪರೀಕ್ಷೆ ಇಟ್ಟು ಪಾಸಾದವರಿಗೆ ಮಾತ್ರ ಓಟು ಕೊಡಬೇಕು” ಎಂದರು. ಆ ಪ್ರಯೋಗ ಜಗತ್ತಿನಲ್ಲಿ ನಡೆದುಹೋಗಿದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮತದಾರರಾಗಲು ಬಂದವರಿಗೆ ಓದಿನ ಪರೀಕ್ಷೆ, ಸಂವಿಧಾನದ ವಾಕ್ಯಕ್ಕೆ ಅರ್ಥ ಹೇಳುವ ಪರೀಕ್ಷೆ ಇರುತ್ತಿತ್ತು. ಪರೀಕ್ಷಕ ಬಿಳಿಯ, ಫೇಲಾಗುತ್ತಿದ್ದವರು ಕರಿಯರು. 1965ರ ಮತದಾನ ಹಕ್ಕುಗಳ ಕಾಯ್ದೆ ಬಂದ ಮೇಲೆ ಅದಕ್ಕೆ ತಡೆ ಬಿತ್ತು. ನಮ್ಮ ಸಂವಿಧಾನ ಮಾಡಿದವರು ಆ ದಾರಿ ಹಿಡಿಯಲಿಲ್ಲ. 1951ರ ಜನಗಣತಿಯಲ್ಲಿ ಓದು ಬರಹ ಬಲ್ಲವರು ಶೇ. 18ರಷ್ಟು ಮಾತ್ರ. ಆದರೂ 1951-52ರ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಜನರಿಗೆ ಯಾವ ಪರೀಕ್ಷೆಯೂ ಇಲ್ಲದೆ ಮತದ ಹಕ್ಕು ಬಂತು. ಅಕ್ಷರ ಬಾರದವರಿಗಾಗಿ ಚಿಹ್ನೆ ಇಟ್ಟರು, ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ ಇಟ್ಟರು. ಅಷ್ಟಾದರೂ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ಮಗಳು ಎಂದರೇ ಹೊರತು ಅವರು ತಮ್ಮ ಹೆಸರು ಹೇಳಲಿಲ್ಲ ಎಂಬುದು ಕಾರಣ.

ಅಂದರೆ ನಾಗರಿಕನಾಗುವುದಕ್ಕೆ ಜ್ಞಾನ ಷರತ್ತಲ್ಲ. ಆದರೆ ಇನ್ನೊಂದು ಮಾತೂ ಅಷ್ಟೇ ನಿಜ. ಕಾನೂನು ಗೊತ್ತಿರಲಿಲ್ಲ ಎಂಬುದು ಕೋರ್ಟಿನಲ್ಲಿ ನೆಪವಾಗುವುದಿಲ್ಲ. ಮತ ಹಾಕುವಾಗ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ತಪ್ಪು ಮಾಡಿದಾಗ ನಡೆಯುವುದಿಲ್ಲ. ಎಲ್ಲರಿಗೂ ಎಲ್ಲ ಕಾಯ್ದೆಯೂ ಗೊತ್ತಿದೆ ಎಂದು ಊಹಿಸಿಕೊಳ್ಳುವ ಸರ್ಕಾರಕ್ಕೆ, ಅದನ್ನು ತಿಳಿಸುವ ಋಣವೂ ಇರಬೇಕಲ್ಲವೇ? ಕಾಗದದ ಮೇಲೆ ಆ ಋಣವನ್ನು ಒಪ್ಪಿಕೊಂಡದ್ದಾಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಂ, ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಮ್ಮ ಕೆಲಸ, ಅಧಿಕಾರ, ಖರ್ಚುಗಳ ವಿವರವನ್ನು ತಾವಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ಪಂಚಾಯತ್ ರಾಜ್ ಕಾಯ್ದೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು ಎನ್ನುತ್ತದೆ. 2024ರ ಜನವರಿ, ಫೆಬ್ರವರಿಯಲ್ಲಿ ಸಂವಿಧಾನ ಜಾಗೃತಿ ಜಾಥಾ ಪಂಚಾಯಿತಿಯಿಂದ ಪಂಚಾಯಿತಿಗೆ ಹೋಯಿತು. ಮಕ್ಕಳು ಪೀಠಿಕೆಯನ್ನು ಗಟ್ಟಿಯಾಗಿ ಓದಿದರು. ಒಳ್ಳೆಯದೇ. ಆದರೆ ಪೀಠಿಕೆ ಬಾಯಿಪಾಠವಿದ್ದು ಗ್ರಾಮಸಭೆಯ ತಾರೀಖು ಗೊತ್ತಿಲ್ಲದಿದ್ದರೆ, ದೊಡ್ಡ ಬಾಗಿಲಿನ ಹೆಸರು ಗೊತ್ತಿದ್ದು ಚಿಲಕ ಎಲ್ಲಿದೆಯೆಂದು ಗೊತ್ತಿಲ್ಲದ ಹಾಗೆ.

ನಮ್ಮ ಭಾಗದವರೆಲ್ಲ ಬಲ್ಲ ಒಂದು ಉದಾಹರಣೆ 371(ಜೆ). “ಜೆ ಸರ್ಟಿಫಿಕೇಟ್ ಮಾಡಿಸ್ದೇನು?” ಎಂಬುದು ಪಿಯುಸಿ ಮುಗಿಸಿದ ಮಕ್ಕಳ ಮನೆಯಲ್ಲಿ ದಿನದ ಮಾತು. ಅದು ಸಂವಿಧಾನದ ಒಂದು ವಿಧಿ, 2012ರ 98ನೆಯ ತಿದ್ದುಪಡಿಯಿಂದ ಬಂದದ್ದು, ಈ ಭಾಗದ ಕಾಲೇಜುಗಳಲ್ಲಿ ಶೇ. 70 ಮತ್ತು ಹೊರಗಿನ ಕಾಲೇಜುಗಳಲ್ಲಿ ಶೇ. 8 ಸೀಟು ಸಿಗುವುದು ಅದರಿಂದ ಎಂದು ಬಿಡಿಸಿ ಹೇಳಬಲ್ಲವರು ಕೆಲವರು. ಯಾಕೆ ಕೊಟ್ಟರು ಎಂದು ಹೇಳಬಲ್ಲವರು ಇನ್ನೂ ಕೆಲವರು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಪಕ್ಕದ ದೇವದುರ್ಗ ಅದರಲ್ಲಿತ್ತು. ಇದು ಗೊತ್ತಿಲ್ಲದವನ ಕೈಯಲ್ಲಿ 371(ಜೆ) ಯಾರೋ ಪುಣ್ಯಾತ್ಮರು ಕೊಟ್ಟ ಭಿಕ್ಷೆಯಾಗುತ್ತದೆ, ಅಥವಾ ಏಜೆಂಟನಿಗೆ ದುಡ್ಡು ಕೊಟ್ಟು ಪಡೆದ ಸರಕಾಗುತ್ತದೆ. ಗೊತ್ತಿದ್ದವನ ಕೈಯಲ್ಲಿ ಅದು ಹಕ್ಕು. ಕಾಗದ ಒಂದೇ.

ಈಗ ನನ್ನ ಸ್ವಂತ ತಪ್ಪನ್ನು ಹೇಳಬೇಕು. ಇಷ್ಟು ಹೊತ್ತು ಸುತ್ತುತ್ತಿದ್ದದ್ದು ಅದರ ಸುತ್ತಲೇ.

ನಮ್ಮ ಓಣಿಯಲ್ಲಿ ಒಬ್ಬ ವಿಧವೆ ಇದ್ದರು. ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಅವರ ಪಿಂಚಣಿಯ ಅರ್ಜಿ ಬರೆದವನು ನಾನು. ಆಮೇಲೆ ವರ್ಷಗಟ್ಟಲೆ ಅವರ ಪ್ರತಿಯೊಂದು ಕಾಗದವನ್ನೂ ನಾನೇ ಬರೆದೆ. ಅವರು ಬಂದು ಹೊಸ್ತಿಲಲ್ಲಿ ಕೂರುತ್ತಿದ್ದರು, ನಾನು ಬರೆದು, “ಇಲ್ಲಿ ಒತ್ತಿ” ಎನ್ನುತ್ತಿದ್ದೆ, ಅವರು ಹೆಬ್ಬೆಟ್ಟು ಒತ್ತಿ ದುವಾ ಮಾಡಿ ಹೋಗುತ್ತಿದ್ದರು. ಏನು ಬರೆದೆ, ಎಲ್ಲಿಗೆ ಹೋಗುತ್ತದೆ, ರಸೀದಿ ಯಾವುದು ಎಂದು ಒಮ್ಮೆಯೂ ಓದಿ ಹೇಳಲಿಲ್ಲ. ಹೊತ್ತಾಗುತ್ತದೆ ಎಂಬುದು ನಾನು ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ಬೇರೆ ಇತ್ತು. ನನ್ನಿಂದಲೇ ಆಗುತ್ತದೆ ಎಂದು ಅವರು ಓಣಿಯಲ್ಲಿ ಹೇಳಿಕೊಂಡು ತಿರುಗುವುದು ನನಗೆ ಹಿತವಾಗಿತ್ತು.

ಒಂದು ವರ್ಷ ನಾನು ಕೆಲಸದ ಮೇಲೆ ಐದು ತಿಂಗಳು ಊರಲ್ಲಿರಲಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿಯಾಗಿಲ್ಲವೆಂದು ಅವರ ಹಣ ನಿಂತಿತು. ಒಂದು ದಿನದಲ್ಲಿ ಸರಿಪಡಿಸಬಹುದಾದ ಸಂಗತಿ. ಹೋಗಬೇಕಾದ ಜಾಗ ಅವರು ದಿನವೂ ಓಡಾಡುವ ರಸ್ತೆಯಲ್ಲೇ ಇತ್ತು. ಖಾಲಾ ಐದು ತಿಂಗಳು ಹಣವಿಲ್ಲದೆ ನನ್ನ ದಾರಿ ಕಾದರು. ಗುಳಿಗೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದರು. ನಾನು ಬಂದಾಗ, “ನೀನಿಲ್ಲದಿದ್ದರೆ ಯಾರನ್ನು ಕೇಳಲಿ ಬೇಟಾ?” ಎಂದರು. ಅದರಲ್ಲಿ ದೂರು ಇರಲಿಲ್ಲ. ಅವರ ಮನಸ್ಸಿನಲ್ಲಿ ಸರ್ಕಾರವೆಂದರೆ ನಾನೇ ಆಗಿದ್ದೆ. ಅವರಿಗೆ ಸಲ್ಲಬೇಕಾದದ್ದನ್ನು ನಾನು ನನ್ನ ಉಪಕಾರವನ್ನಾಗಿ ಮಾಡಿಕೊಂಡಿದ್ದೆ. ಲಂಚ ತೆಗೆದುಕೊಳ್ಳಲಿಲ್ಲ, ನಿಜ. ದುಡ್ಡಿನ ಬದಲು ದುವಾ ತೆಗೆದುಕೊಂಡೆ. ಪಟವಾರಿಗೂ ನನಗೂ ಇದ್ದ ವ್ಯತ್ಯಾಸ ಅಷ್ಟೇ.

ಅಂದಿನಿಂದ ಸಾಮಾನ್ಯ ಜನರಿಗೆ ಎಷ್ಟು ಗೊತ್ತು ಎಂಬ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳಿಕೊಳ್ಳುತ್ತೇನೆ. ಗೊತ್ತಿದ್ದವರು ಅದನ್ನು ಏನು ಮಾಡುತ್ತಾರೆ? ಗೊತ್ತಿಲ್ಲದಿರುವುದು ಯಾವಾಗಲೂ ಪಾಪವಲ್ಲ. ದಿನಗೂಲಿಗೆ ಹೋಗುವ ಹೆಂಗಸಿಗೆ ಕಲಂಗಳನ್ನು ಓದಲು ಬಿಡುವಿಲ್ಲ. ಆದರೆ ಗೊತ್ತಿದ್ದವನು, ಅವಳಿಗೆ ಗೊತ್ತಿಲ್ಲವೆಂಬುದರ ಮೇಲೆ ತನ್ನ ಸಂಪಾದನೆಯನ್ನೋ ತನ್ನ ಹೆಸರನ್ನೋ ಕಟ್ಟಿಕೊಂಡರೆ ಅದು ಪಾಪ. ಎರವಲು ತಂದ ವಸ್ತುವನ್ನು ಹಿಂದಿರುಗಿಸದೆ ಇಟ್ಟುಕೊಂಡ ಹಾಗೆ. ನನ್ನ ಓದಿಗೆ ಫೀಸು ಕಟ್ಟಿದ್ದು ಸರ್ಕಾರಿ ಶಾಲೆ, ಅಂದರೆ ಈ ಜನರೇ.

ಈಗ ಅರ್ಜಿ ಬರೆದ ಮೇಲೆ ಓದಿ ಹೇಳುತ್ತೇನೆ. ಎಲ್ಲಿಗೆ ಹೋಗುತ್ತದೆ, ಎಷ್ಟು ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಯಾರನ್ನು ಕೇಳಬೇಕು ಎಂಬ ಮೂರು ಮಾತು. ಇದರಿಂದ ಕ್ರಾಂತಿಯೇನೂ ಆಗಿಲ್ಲ. ಹೆಚ್ಚಿನವರು, “ಅದೆಲ್ಲ ನನಗ್ಯಾಕ, ನೀವೇ ನೋಡ್ಕೊಳ್ರಿ” ಎನ್ನುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ. ಕೇಳಿದವನಿಗೆ ಕಚೇರಿಯಲ್ಲಿ ಮರ್ಯಾದೆ ಸಿಗುವುದಿಲ್ಲವೆಂದು ಅವರು ಕಂಡುಕೊಂಡಿದ್ದಾರೆ. ಆದರೂ ಹತ್ತರಲ್ಲಿ ಒಬ್ಬರು ಮರುದಿನ ತಾವೇ ಹೋಗುತ್ತಾರೆ. ಖಾಲಾ ಕೊನೆಯ ಎರಡು ವರ್ಷ ತಾವೇ ಹೋಗಿಬರುತ್ತಿದ್ದರು. ನನ್ನ ಹೊಸ್ತಿಲಿಗೆ ಬರುವುದು ಕಡಿಮೆಯಾಯಿತು. ಮೊದಮೊದಲು ನನಗೆ ಅದರಿಂದ ಸಣ್ಣ ನೋವಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಹುಡುಗ ಮತ್ತು ಮುದುಕನನ್ನು ಆಮೇಲೊಮ್ಮೆ ಅದೇ ಅಂಗಡಿಯಲ್ಲಿ ನೋಡಿದೆ. ನೀರಾವರಿ ಸಲಹಾ ಸಮಿತಿಯ ಸಭೆಯ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಮುದುಕನಿಗೆ ಕನ್ನಡಕ ಇರಲಿಲ್ಲ. ಹುಡುಗ ತನ್ನ ಪುಸ್ತಕ ಬದಿಗಿಟ್ಟು ಸುದ್ದಿಯನ್ನು ಪೂರ್ತಿ ಓದಿ ಹೇಳಿದ. ಯಾರು ಅಧ್ಯಕ್ಷರು, ಯಾರು ಬಂದಿದ್ದರು, ಎಷ್ಟು ದಿನ ನೀರು ಎಂದು. ಈ ಸಲ ಯಾರೂ ನಗಲಿಲ್ಲ. ಮುದುಕ ಬಹಳ ಹೊತ್ತು ಸುಮ್ಮನಿದ್ದು ಕೇಳಿದ:

“ಇದರಾಗ ಕಡೀ ಭಾಗದ ರೈತರ ಪರವಾಗಿ ಮಾತಾಡಿದೋರು ಯಾರಪ್ಪಾ?”

ಹುಡುಗ ಮತ್ತೊಮ್ಮೆ ಪತ್ರಿಕೆ ನೋಡಿದ. ಆಮೇಲೆ ನನ್ನ ಮುಖ ನೋಡಿದ.